ತೊದಲುವ ಗರಗಸ

ಮರ ಬಿದ್ದಿತ್ತು. ಗುರುಗಳಿಗೆ ಕಿವಿ ಕೇಳುತ್ತಿರಲಿಲ್ಲ. ಶಿಷ್ಯನಿಗೆ ಮಾತು ಸಲೀಸಾಗಿ ಹೊರಡುತ್ತಿರಲಿಲ್ಲ. ಕಥೆ ಶುರುವಾಗಲು ಇಷ್ಟು ಸಾಕು.

ಕಾವೇರಿ ದಡದ ಒಂದು ಸಣ್ಣ ಮಠ. ಮಠ ಎಂದಕೂಡಲೇ ಆನೆ, ಅಡ್ಡಪಲ್ಲಕ್ಕಿ, ಬೆಳ್ಳಿ ಬಾಗಿಲು ಅಂದುಕೊಳ್ಳಬೇಡಿ. ಒಂದು ಹೆಂಚಿನ ಮನೆ, ಒಂದು ಲಿಂಗ, ಬಂದವರಿಗೆ ಮುದ್ದೆ ಬೇಯಿಸುವ ಒಂದು ಒಲೆ. ಹಿತ್ತಲಲ್ಲಿ ತಗಡಿನ ಶೆಡ್ಡು.

ಗುರುಗಳ ಹೆಸರು ಚೆನ್ನಂಜಯ್ಯ. ಕಾವಿ ಉಡುವ ಮೊದಲು ಟಿಂಬರ್ ಡಿಪೋಗಳಲ್ಲಿ ದೊಡ್ಡ ಚೈನ್ ಗರಗಸ ಹಿಡಿದು ಮರ ಕುಯ್ಯುತ್ತಿದ್ದವರು. ಆ ಸದ್ದಿಗೇ ಅವರ ಕಿವಿ ಹೋಗಿದ್ದು. ಎದುರಿಗೆ ಕೂತು ತುಟಿ ಕಾಣುವಂತೆ ಮಾತಾಡಿದರೆ ಎಲ್ಲ ತಿಳಿಯುತ್ತಿತ್ತು. ಬೇಡದ ಮಾತಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಶಿಷ್ಯ ಕರಿಬಸವ. ಮೂವತ್ತು ದಾಟಿದ ಗಟ್ಟಿ ಆಳು. ಮಾತು ಮಾತ್ರ ತೊದಲು. ಗುರುಗಳೆದುರು ಅಷ್ಟಾಗಿ ತೊದಲುತ್ತಿರಲಿಲ್ಲ. ಕೇಳಿಸದವರ ಮುಂದೆ ತೊದಲಿ ಏನು ಸುಖ ಎಂದು ಅವನ ನಾಲಿಗೆಗೂ ಅನ್ನಿಸಿತ್ತೋ ಏನೋ.

ಆಷಾಢದ ಒಂದು ಬೆಳಿಗ್ಗೆ ಗುರುಗಳು ಉಂಡು ಕೈ ತೊಳೆಯುತ್ತಾ ಹೇಳಿದರು:

"ಬಸ್ವ, ಈ ಶ್ರಾವಣದ ಪ್ರವಚನ ನೀನೇ ಹೇಳ್ಬೇಕು ಕಣಪ್ಪ. ನನ್ನೆದೇಲಿ ದಮ್ಮಿಲ್ಲ."

ನೀರು ಹಾಕುತ್ತಿದ್ದ ಕರಿಬಸವನ ಚೆಂಬು ಅಲ್ಲೇ ನಿಂತಿತು.

ಶ್ರಾವಣದ ಸೋಮವಾರಗಳಲ್ಲಿ ಎರಡೂ ದಡದ ಊರಿನವರು ಮಠಕ್ಕೆ ಬರುತ್ತಾರೆ. ಸ್ವಾಮಿಗಳು ಜಗಲಿಯ ಗದ್ದುಗೆಯ ಮೇಲೆ ಕೂತು ಮಾತಾಡುತ್ತಾರೆ. ಜನ ಅಂಗಳದಲ್ಲಿ ಕೂತು ಅವರ ಮುಖ ನೋಡುತ್ತಾರೆ.

ಹೋದ ವರ್ಷ ಕರಿಬಸವ ಬರೀ ಶರಣು ಹೇಳಲು ಎದ್ದಿದ್ದ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅಷ್ಟೂ ಕಣ್ಣುಗಳು ಅವನ ಬಾಯಿಯ ಮೇಲಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವರ್ಷವಾದರೂ ಆ ನಗು ಅವನ ಕಿವಿ ಬಿಟ್ಟು ಹೋಗಿರಲಿಲ್ಲ.

"ನನ್ ಕೈಲಾಗಲ್ಲ ಬುದ್ಧಿ," ಎಂದ.

"ಯಾಕಪ್ಪಾ?"

"ನಿಮಗೆ ಕೇ... ಕೇಳಿಸಲ್ಲ. ಜನಕ್ಕೆ ಕೇಳಿಸ್ತದೆ. ನಾನು ಮಠ ಬಿಟ್ಟು ಹೋಗ್ತೀನಿ."

ಗುರುಗಳು ಕಣ್ಣು ಮುಚ್ಚಲಿಲ್ಲ.

"ಎಲ್ಲಿಗೆ?"

"ಎಲ್ಲಾದ್ರೂ. ಬಾಯಿ ಬಿಡದೆ ಬದುಕೋ ಕಡೆಗೆ."

"ಹಂಗಾದ್ರೆ ಊಟಕ್ಕೇನ್ ಮಾಡ್ತೀಯ?"

ಕರಿಬಸವನಿಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಹೋಗಲು ಅವನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಈ ಮುದುಕರೇ ಅವನ ಮನೆ. ಆದರೆ ಆ ಗದ್ದುಗೆ ನೆನೆದರೆ ಇಲ್ಲಿ ಇರುವ ಹಾಗೂ ಇರಲಿಲ್ಲ.

"ಆಯ್ತು, ಹೋಗು," ಎಂದರು ಗುರುಗಳು. "ಹೋಗೋ ಮುಂಚೆ ನಂದೊಂದು ಕೆಲಸ ಮುಗಿಸ್ಕೊಡು."

ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಮೂಲೆಯ ಗೋಣಿಚೀಲ ಎಳೆದರು. ಅದರಡಿ ಅವರ ಹಳೇ ಚೈನ್ ಗರಗಸ ಮಲಗಿತ್ತು.

"ಇದನ್ನ ಎಬ್ಬಿಸ್ಬೇಕು. ಆ ಹೊಳೆಮತ್ತೀನ ಉದ್ದುದ್ದಕ್ಕೆ ಸೀಳ್ಬೇಕು."

ಹೊಳೆಮತ್ತಿ ಹೋದ ವರ್ಷದ ಪ್ರವಾಹಕ್ಕೆ ಬಿದ್ದ ಮರ. ಹರಿಗೋಲು ನಿಲ್ಲುವ ಕಟ್ಟೆಯ ಪಕ್ಕದಲ್ಲೇ ಒರಗಿತ್ತು. ಇಬ್ಬರು ಎದುರುಬದುರು ನಿಂತು ತಬ್ಬಿದರೂ ಕೈಗೆ ಕೈ ಸಿಗದ ಬೊಡ್ಡೆ. ಒಣಗಿದ ಹೊಳೆಮತ್ತಿ ಅಂದರೆ ಕಬ್ಬಿಣಕ್ಕೆ ಅಣ್ಣ. ಸಾಮಿಲ್ಲಿನವರು ಬಂದು ನೋಡಿ, ಇದನ್ನು ಸಾಗಿಸಲಿಕ್ಕಾಗುವುದಿಲ್ಲ, ತುಂಡು ಮಾಡಿ ಒಲೆಗೆ ಹಾಕಿ ಎಂದು ಹೇಳಿ ಹೋಗಿದ್ದರು.

"ಎಷ್ಟು ಹಲಗೆ ಬೇಕು ಬುದ್ಧಿ?"

"ಒಂದೇ. ಬುಡದಿಂದ ತುದೀವರೆಗೆ ಒಂದೇ ಹಲಗೆ."

"ಯಾತಕ್ಕೆ?"

"ಕೂರೋಕೆ."

ಹೊಸ ಗದ್ದುಗೆ ಇರಬೇಕು ಎಂದುಕೊಂಡ ಕರಿಬಸವ.

"ಅಣೆಕಟ್ಟಿನ ನೀರು ಬಿಡೋ ಹೊತ್ತಿಗೆ ಹಲಗೆ ದಡದ ಮೇಲಿರ್ಬೇಕು. ಮಿಷನ್ ಸರಿಯಾಗಿ ಮರ ಕುಯ್ದ ದಿನ ನಿನ್ನ ಗಂಟು ಕಟ್ಕೋ," ಎಂದರು ಗುರುಗಳು.

ಗಂಟು ಆಗಲೇ ಕಟ್ಟಿಟ್ಟಾಗಿತ್ತು. ಅದನ್ನು ಅವನು ಹೇಳಲಿಲ್ಲ.

ಮಿಷನ್ನು ಬಿಚ್ಚಿದರು. ಗಾಳಿ ಸೋಸುವ ಡಬ್ಬಿಯೊಳಗೆ ಇಲಿ ಮರಿ ಹಾಕಿತ್ತು. ಆ ಸಂಸಾರವನ್ನು ಗುರುಗಳು ತೆಂಗಿನ ಚಿಪ್ಪಿನಲ್ಲಿ ಕೂರಿಸಿ ಅಟ್ಟಕ್ಕೆ ಸಾಗಿಸಿದರು. ಆಮೇಲೆ ನಟ್ಟು ಬಿಚ್ಚುವ ಪಾನ ಹಿಡಿದರು.

ಪಿಸ್ಟನ್ನಿನ ತಲೆಯ ಮಸಿ ಕೆರೆದರು. ಕೊಳೆತ ರಬ್ಬರುಗಳನ್ನು ಕಿತ್ತು ಹೊಸದು ಹಾಕಿದರು. ಚೈನು ಸುತ್ತಿ ಓಡುವ ಪಟ್ಟಿಗೆ ಬಾರ್ ಎನ್ನುತ್ತಾರೆ, ಇದ್ದದ್ದು ಗಿಡ್ಡದ್ದು. ಎದೆಮಟ್ಟ ಬರುವ ಉದ್ದನೆ ಬಾರನ್ನು ಗುರುಗಳು ಅಟ್ಟದಿಂದ ಇಳಿಸಿದರು. ಇಷ್ಟು ವರ್ಷ ಅದರ ಮೇಲೆ ಕರಿಬಸವ ಪಂಚೆ ಒಣಹಾಕುತ್ತಿದ್ದ.

"ಇನ್ನು ಚೈನು. ಒಂದು ಬಿಟ್ಟು ಒಂದು ಹಲ್ಲು ತೆಗಿ."

"ಹಲ್ಲು ಕಮ್ಮಿಯಾದ್ರೆ ಕುಯ್ಯೋದೂ ಕಮ್ಮಿಯಾಗಲ್ವಾ?"

ಗುರುಗಳು ಬಾಯಿ ಅಗಲಿಸಿ ತೋರಿಸಿದರು.

"ನನಗೂ ಒಂದು ಬಿಟ್ಟು ಒಂದೇ ಇರೋದು. ಕೋಡುಬಳೆ ತಿನ್ನೋದು ಬಿಟ್ಟಿದ್ದೀನಾ?"

ಆಮೇಲೆ ಗದರುವ ದನಿಯಲ್ಲಿ, ಅಂದರೆ ಪ್ರೀತಿಯಲ್ಲಿ, ಹೇಳಿದರು. "ಇಂಥಾ ಅಗಲದ ಮರದಲ್ಲಿ ಹುಡಿ ಹೊರಗೆ ಬರೋಕೆ ದೂರ ಕಣಪ್ಪ. ಸಂದಿ ಇಲ್ದಿದ್ರೆ ತಾನು ಕುಯ್ದ ಹುಡೀಲೇ ತಾನು ಸಿಕ್ಕಿ ನಿಲ್ತದೆ."

ಉಳಿದ ಹಲ್ಲುಗಳನ್ನು ಮಸೆಯಬೇಕಿತ್ತು. ಗುರುಗಳು ಸೊಂಟದಿಂದ ತಮ್ಮ ದುಂಡನೆಯ ಅರ ತೆಗೆದು ಅವನ ಕೈಗಿಟ್ಟರು. ಕರಿಬಸವ ಬೆಚ್ಚಿದ. ಆ ಅರವನ್ನು ಅವರು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಗರಗಸದವರಲ್ಲಿ ಒಂದು ಕಟ್ಟಳೆಯಿದೆ. ಹಲ್ಲು ಮಸೆದವನೇ ಮಿಷನ್ನಿನ ಹಗ್ಗ ಎಳೆಯಬೇಕು. ಒಬ್ಬ ಮಸೆದದ್ದನ್ನು ಇನ್ನೊಬ್ಬ ಮರಕ್ಕೆ ಇಳಿಸುವಂತಿಲ್ಲ.

"ನೀವೇ ಕುಯ್ಯಲ್ವಾ ಬುದ್ಧಿ?"

ಗುರುಗಳು ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಅವನು ತಲೆ ತಗ್ಗಿಸಿ ಮಸೆಯತೊಡಗಿದ.

ಸೈಲೆನ್ಸರಿನ ತೂತನ್ನು ಇಬ್ಬರೂ ಸೇರಿ ದೊಡ್ಡದು ಮಾಡಿದರು.

"ಬಿಸಿ ಉಸಿರು ಬೇಗ ಹೊರಗೆ ಹೋದ್ರೆ ಹೊಸಾ ಉಸಿರು ಬೇಗ ಒಳಗೆ ಬರ್ತದೆ. ಬಲ ಹೆಚ್ಚುತ್ತೆ," ಎಂದರು ಗುರುಗಳು. ಕಾರ್ಬೊರೇಟರಿನ ಪುಟ್ಟ ಸ್ಕ್ರೂವನ್ನು ಒಂದಿಷ್ಟು ಸಡಿಲಿಸಿದರು. "ಹೆಚ್ಚು ಉಸಿರಾಡೋನಿಗೆ ಹೆಚ್ಚು ಊಟ ಇಕ್ಕಬೇಕು. ಪೆಟ್ರೋಲ್ ಜಾಸ್ತಿ ಹೋಗ್ಲಿ."

ಉಳಿದದ್ದು ಎಣ್ಣೆ. ಇಷ್ಟುದ್ದದ ಬಾರಿನ ತುದಿಯವರೆಗೆ ಮಿಷನ್ನಿನ ಎಣ್ಣೆ ಮುಟ್ಟುವುದಿಲ್ಲ, ತುದಿಯಲ್ಲಿ ಚೈನು ಕಾದು ಬಿಸಿಯಾಗುತ್ತದೆ. ಗುರುಗಳು ಗರ್ಭಗುಡಿಗೆ ಹೋದರು. ಲಿಂಗದ ಮೇಲೆ ತೊಟ್ಟಿಕ್ಕುವ ಧಾರಾಪಾತ್ರೆ ಬಿಚ್ಚಿಕೊಂಡು ಬಂದರು.

"ಬುದ್ಧೀ! ಅದು ಶಿವನ ತಲೆ ಮ್ಯಾಲಿಂದು!"

"ಶಿವನಿಗೆ ಆಷಾಢದಲ್ಲಿ ನೆಗಡಿ ಕಣಪ್ಪ. ತಿಂಗಳೊಪ್ಪತ್ತು ನೀರು ಬೇಡ ಅಂದವ್ನೆ."

ಅದರಲ್ಲಿ ಹರಳೆಣ್ಣೆ ತುಂಬಿ ಬಾರಿನ ತುದಿಗೆ ಕಟ್ಟಿದರು. ತೊಟ್ಟು ತೊಟ್ಟಾಗಿ ಎಣ್ಣೆ ಇಳಿಯಿತು. ಹಳೇ ಕಬ್ಬಿಣದ ಮಂಚವೊಂದರ ಚೌಕಟ್ಟಿಗೆ ಗರಗಸವನ್ನು ಬಿಗಿದರು. ಮರದ ಬೆನ್ನ ಮೇಲೆ ನೇರ ಏಣಿ ಬಡಿದರು. ಏಣಿಯ ಮೇಲೆ ಮಂಚ ಜಾರುತ್ತಾ ಹೋದರೆ ಹಲಗೆ ನೇರವಾಗಿ ಬರುತ್ತದೆ.

ಶುರು ಮಾಡುವ ದಿನ ಕಟ್ಟೆಯ ಮೇಲೆ ನಾಲ್ಕು ಜನ ಸೇರಿದರು. ಹರಿಗೋಲು ಹಾಕುವ ಚಿಕ್ಕತಾಯಮ್ಮ ಹುಟ್ಟು ಕೆಳಗಿಟ್ಟು ಬಂದು ನಿಂತಳು.

ಕರಿಬಸವ ಹಗ್ಗ ಎಳೆದ. ಎಷ್ಟೋ ವರ್ಷ ಮಲಗಿದ್ದ ಮಿಷನ್ನು ಕೆಮ್ಮಿ, ಹೊಗೆಯುಗುಳಿ, ಎದ್ದಿತು. ಅವನ ಎದೆ ಉಬ್ಬಿತು. ಪೂರ್ತಿ ವೇಗ ಕೊಟ್ಟ.

ಬ್ರ್... ಬ್ರ್‌ಬ್ರ್... ಬ್ರ್...

ಮಿಷನ್ನು ತೊದಲಿತು.

"ಅಯ್ಯೋ ನನ್ನಪ್ಪ," ಎಂದಳು ಚಿಕ್ಕತಾಯಮ್ಮ. "ಮರಿಬುದ್ಧಿ, ನಿಮ್ ಮಿಷನ್ನೂ ನಿಮ್ಮಂಗೇ ಮಾತಾಡ್ತದಲ್ಲಾ!"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಜನ ನಕ್ಕರು, ಅವರ ನಗುವಿನಲ್ಲೂ ಇರಲಿಲ್ಲ. ಕರಿಬಸವನ ಮುಖ ಮಾತ್ರ ಬೆಂಕಿಯಾಯಿತು.

ಗುರುಗಳು ಮಿಷನ್ನಿನ ಮೈಮೇಲೆ ಅಂಗೈಯಿಟ್ಟು ಕಣ್ಣರಳಿಸಿದರು.

"ಸರಿಯಾಗೈತೆ. ಇವತ್ತಿಗೆ ಸಾಕು, ನಾಳೆ ಮರಕ್ಕೆ ಇಳ್ಸು. ಏನೂ ಮುಟ್ಟಬೇಡ."

"ತೊ... ತೊದಲ್ತದೆ ಬುದ್ಧಿ!"

ಗುರುಗಳು ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನ ಗುರುಗಳು ಪೂಜೆಗೆ ಕೂತ ಹೊತ್ತಿನಲ್ಲಿ ಕರಿಬಸವ ಮಿಷನ್ನಿನ ಹತ್ತಿರ ಹೋದ. ಕಿವುಡರಿಗೆ ತೊದಲು ಹೇಗೆ ಕೇಳಿಸಬೇಕು ಪಾಪ ಎಂದುಕೊಂಡ. ಗುರುವಿಗೇ ತಿರುಮಂತ್ರ ಹಾಕುವುದು ಎಂದರೆ ಇದೇ. ಸ್ಕ್ರೂವನ್ನು ಬಲಕ್ಕೆ ತಿರುಗಿಸಿದ. ತೊದಲು ಕಮ್ಮಿಯಾಯಿತು. ಇನ್ನೊಂದಿಷ್ಟು ತಿರುಗಿಸಿದ.

ಮಿಷನ್ನು ಹಾಡಿತು. ಒಂದೇ ಎಳೆ, ಎಲ್ಲೂ ತಡವರಿಸದ ದನಿ. ಹೊಳೆಯ ಆಚೆ ದಡದಿಂದ ಯಾರೋ ಭೇಷ್ ಎಂದು ಕೂಗಿದರು. ಅವನ ಕಣ್ಣು ತುಂಬಿ ಬಂತು. ಜನ್ಮದಲ್ಲಿ ತನ್ನ ಬಾಯಿಂದ ಬಾರದ್ದು ತನ್ನ ಕೈಯಿಂದ ಬಂದಿತ್ತು.

ಪೂಜೆ ಮುಗಿದು ಗುರುಗಳು ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಹಾಗೇ ಮರಕ್ಕೆ ಇಳಿಸಿದ.

ಮೊದಲ ಒಂದು ಮಾರು ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಕೆಂಪು ಹುಡಿ ಕಾಲ ಮೇಲೆ ಬಿತ್ತು. ಆಮೇಲೆ ದನಿ ಇನ್ನೂ ಮೇಲಕ್ಕೇರಿತು. ಸುಟ್ಟ ವಾಸನೆ ಬಂತು. ಕಿರ್ರೆಂದು ಒಮ್ಮೆ ಕಿರುಚಿ ಮಿಷನ್ನು ನಿಂತುಬಿಟ್ಟಿತು.

ಹಗ್ಗ ಎಳೆದ. ಹಗ್ಗ ಬರಲಿಲ್ಲ.

ಗುರುಗಳು ಬಂದಾಗ ಅವನು ಮರಕ್ಕೆ ಒರಗಿ ಕೂತಿದ್ದ. ಅವರು ಏನೂ ಕೇಳದೆ ಪಾನ ತೆಗೆದು ಬಿಚ್ಚಿದರು. ಪಿಸ್ಟನ್ನು ಒಂದು ಮಗ್ಗುಲಲ್ಲಿ ಕೆರೆದು, ಕರಗಿ, ಸಿಲಿಂಡರಿಗೆ ಅಂಟಿಕೊಂಡಿತ್ತು. ಅದನ್ನು ಮೀಟಿ ತೆಗೆದು ಹೆಬ್ಬೆರಳಿನಿಂದ ಸವರಿದರು.

"ಉರಿದೋಯ್ತಲ್ಲಾ ಕಂದ," ಎಂದರು. ಹೇಳಿದ್ದು ಪಿಸ್ಟನ್ನಿಗೆ.

"ಸ್ಕ್ರೂ ನಾನೇ ತಿ... ತಿರುಗಿಸಿದ್ದು ಬುದ್ಧಿ."

"ಯಾಕಪ್ಪಾ?"

"ತೊದಲ್ತಿತ್ತು."

"ಮಿಷನ್ನಿಗೆ ನಾಚ್ಕೆ ಆಗಿತ್ತಾ?"

ಕರಿಬಸವ ಕಾಲ ಮೇಲಿನ ಹುಡಿ ಕೊಡವಿದ. ತುಟಿ ಕಾಣಲೆಂದು ಮುಖ ಎತ್ತಿ ಹೇಳಿದ:

"ನನಗಾಗಿತ್ತು."

ಬೈಗಳು ಬೀಳುತ್ತವೆ ಎಂದು ಕಾದ. ಬೀಳಲಿಲ್ಲ. ಬಿದ್ದಿದ್ದರೆ ಹಗುರಾಗುತ್ತಿತ್ತು.

"ಮೈಸೂರಿಗೆ ಹೋಗು," ಎಂದರು ಗುರುಗಳು. "ಹಳೇ ಕಬ್ಬಿಣದ ಅಂಗಡೀಲಿ ಹುಡುಕು, ಇದೇ ಅಳತೇದು ಸಿಕ್ತದೆ. ನಿನ್ ಗಂಟೂ ತಗೊಂಡ್ಹೋಗು."

"ಗಂ... ಗಂಟು ಯಾಕೆ?"

"ಅಲ್ಲಿಂದ ಹಂಗೇ ಹೋಗ್ಬೇಕು ಅನ್ಸಿದ್ರೆ ಅದಕ್ಕೋಸ್ಕರ ಮತ್ತೆ ಇಲ್ಲೀಗಂಟ ಬರೋದು ಯಾಕೆ?"

ಹೊರಡುವಾಗ ಗಂಟನ್ನು ಅವರೇ ಒಳಗಿನಿಂದ ತಂದುಕೊಟ್ಟರು. ಚಿಕ್ಕತಾಯಮ್ಮ ಹರಿಗೋಲಿನಲ್ಲಿ ದಾಟಿಸಿದಳು. ಗಂಟನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಹುಟ್ಟು ಹಾಕಿದಳು.

ಮೈಸೂರಿನಲ್ಲಿ ಅಂಗಡಿ ಅಂಗಡಿ ತಿರುಗಿದ. ಕೊನೆಗೆ ಅಂಥದೇ ಪಿಸ್ಟನ್ನು ಸಿಕ್ಕಿತು. ಜೇಬಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದ.

ಅಲ್ಲಿ ಎಲ್ಲ ಊರಿಗೂ ಬಸ್ಸಿದ್ದವು. ಯಾವುದನ್ನು ಹತ್ತಿದರೂ ಕೇಳುವವರಿಲ್ಲ. ಪಿಸ್ಟನ್ನನ್ನು ಅಂಚೆಯಲ್ಲಿ ಕಳಿಸಿಬಿಟ್ಟರೆ ಹೇಗೆ ಎಂದೂ ಯೋಚಿಸಿದ. ಗಂಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತ. ಬಸ್ಸುಗಳು ಬಂದವು, ಹೋದವು. ಜೇಬಿನಲ್ಲಿ ಕೈಯಿಟ್ಟು ಪಿಸ್ಟನ್ನು ಮುಟ್ಟಿ ನೋಡಿದ. ಗುರುಗಳ ನಡುಗುವ ಕೈ ಇದನ್ನು ಹೇಗೆ ಕೂರಿಸೀತು ಎಂಬ ಯೋಚನೆ ಬಂತು. ಎದ್ದು ಊರಿನ ಬಸ್ಸು ಹತ್ತಿದ.

ಕಟ್ಟೆಯ ಮೇಲೆ ಗುರುಗಳು ಕೂತಿದ್ದರು. ಗರಗಸದ ಕ್ಲಚ್ಚನ್ನು ಒರೆಸುತ್ತಿದ್ದರು. ಅದು ಆಗಲೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಬಂದ್ಯಾ?" ಎಂದರು.

"ಹೂಂ ಬುದ್ಧಿ."

"ಹಸಿವಾಗಿರ್ಬೇಕು, ಗಂಟಲ್ಲಿ ಕೋಡುಬಳೆ ಇಟ್ಟಿದ್ದೆ, ತಿಂದ್ಯಾ?"

ಅವನು ಗಂಟನ್ನು ಬಿಚ್ಚಿಯೇ ಇರಲಿಲ್ಲ. ಈಗ ಬಿಚ್ಚಿದ. ಕೋಡುಬಳೆಯ ಪೊಟ್ಟಣ ಇತ್ತು. ಎರಡು ಅಂಗಿ ಇದ್ದವು. ಪಂಚೆ ಇರಲಿಲ್ಲ. ಗುರುಗಳ ಕೈಯಲ್ಲಿದ್ದ ಎಣ್ಣೆ ಬಟ್ಟೆ ನೋಡಿದ. ಅದು ಅವನ ಪಂಚೆ.

"ಬುದ್ಧೀ!"

"ನೀನೆಂಗೂ ವಾಪಸ್ ಬರೋನು," ಎಂದರು ಗುರುಗಳು. "ಪಂಚೆ ಯಾಕೆ ಸುಮ್ನೆ ಅಲೀಬೇಕು?"

ಕರಿಬಸವ ನಕ್ಕ. ಕೋಡುಬಳೆ ಮುರಿದು ಅರ್ಧ ಅವರ ಕೈಗಿಟ್ಟ.

"ಅಂಗಡಿಯೋನ ಹತ್ರ ಏನ್ ಮಾತಾಡ್ದೆ?" ಎಂದು ಗುರುಗಳು ಕೇಳಿದರು.

"ಏ... ಏನಿಲ್ಲ ಬುದ್ಧಿ. ಮೊದ್ಲು ಪಿಸ್ಟನ್ ಅನ್ನೋಕೇ ಆಗ್ಲಿಲ್ಲ, ಸುಟ್ಟಿದ್ದನ್ನೇ ತೋರಿಸ್ದೆ. ಅವನು ಯಾವುದೋ ಬೇರೆ ಕೊಟ್ಟು ಇದೇ ಆಗ್ತದೆ ಹೋಗು ಅಂದ. ಹೆಂಗಾಗ್ತದೆ ಬುದ್ಧಿ? ಅದರ ರಿಂಗೇ ದಪ್ಪ. ತಲೆ ಚಪ್ಪಟೆ. ನಮ್ ಸಿಲಿಂಡರಿಗೆ ಅದು ಕೂತ್ರೂ ಒಂದೇ ದಿನಕ್ಕೆ ಮತ್ತೆ ಉರೀತದೆ ಅಂದೆ. ನಮ್ದು ಎಂಥಾ ಮರ, ಎಷ್ಟು ಅಗಲ, ಎಲ್ಲಾ ಹೇಳ್ದೆ. ಒಳಗೆ ಹೋಗಿ ಮೂಟೆ ಸುರಿದು ಹುಡುಕಿ ಇದನ್ನ ತಂದ್ಕೊಟ್ಟ."

ಗುರುಗಳು ಅವನ ತುಟಿಯಿಂದ ಕಣ್ಣು ತೆಗೆದಿರಲಿಲ್ಲ.

"ಹೂಂ," ಎಂದರು, ಕೋಡುಬಳೆ ಅಗಿಯುತ್ತಾ.

ಸಿಲಿಂಡರಿಗೆ ಅಂಟಿದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ತೆಗೆದರು. ಈ ಸಲ ಕರಿಬಸವ ಉಜ್ಜಿದ, ಗುರುಗಳು ಬೆರಳಾಡಿಸಿ ನೋಡಿದರು. ಇನ್ನೂ ಒರಟು ಎಂದರೆ ಮತ್ತೆ ಉಜ್ಜಿದ. ಹೊಸ ಪಿಸ್ಟನ್ನು ಕೂತಿತು. ಹಲ್ಲುಗಳನ್ನು ಮತ್ತೆ ಮಸೆದ.

ಅಷ್ಟರಲ್ಲಿ ಹೊಳೆಯ ನೀರು ಕೆಂಪಾಗತೊಡಗಿತ್ತು. ಮೇಲೆ ಮಳೆ ಹಿಡಿದಿದೆ, ಅಣೆಕಟ್ಟಿನ ಬಾಗಿಲು ಇವತ್ತೋ ನಾಳೆಯೋ ಎಂದಳು ಚಿಕ್ಕತಾಯಮ್ಮ.

"ನೀವೇ ನಡೆಸ್ಬಿಡಿ ಬುದ್ಧಿ," ಎಂದ ಕರಿಬಸವ. "ನಾನು ಮತ್ತೆ ಹಾ... ಹಾಳು ಮಾಡಿದ್ರೆ?"

"ಹಲ್ಲು ಮಸೆದೋರು ಯಾರು?"

ಅವನು ಹಗ್ಗ ಎಳೆದ. ಮಿಷನ್ನು ಎದ್ದಿತು. ಗುರುಗಳು ಅವನ ಎಡಗೈ ಹಿಡಿದು ಮಿಷನ್ನಿನ ಮೈಮೇಲೆ ಒತ್ತಿ, ತಮ್ಮ ಕೈಯನ್ನು ಅದರ ಮೇಲಿಟ್ಟರು. ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಿದರು. ಬಲಕ್ಕೆ ತಿರುಗಿಸಿದಾಗ ಅಂಗೈಯಡಿ ಸಣ್ಣ, ಒಣ ನಡುಕ. ಎಡಕ್ಕೆ ತಿರುಗಿಸಿದಾಗ ಅದು ದಪ್ಪಗಾಗಿ, ಹಸಿಯಾಗಿ, ತಡೆತಡೆದು ಬರತೊಡಗಿತು.

ಬ್ರ್... ಬ್ರ್‌ಬ್ರ್... ಬ್ರ್...

ಗುರುಗಳು ಸ್ಕ್ರೂವನ್ನು ಅಲ್ಲಿಗೇ ನಿಲ್ಲಿಸಿದರು. ಗದ್ದ ಎತ್ತಿ ಮರದ ಕಡೆ ತೋರಿಸಿದರು.

ಕರಿಬಸವ ತೊದಲುವ ಮಿಷನ್ನನ್ನು ತೊದಲುತ್ತಿರುವಂತೆಯೇ ಮರಕ್ಕೆ ಇಳಿಸಿದ.

ಹಲ್ಲು ಮರ ಕಚ್ಚಿತು. ತೊದಲು ನಿಂತಿತು.

ನಿಂತದ್ದು ಯಾವಾಗ ಎಂದೇ ಅವನಿಗೆ ತಿಳಿಯಲಿಲ್ಲ. ಮರದೊಳಗೆ ಇಳಿದಂತೆ ದನಿ ತುಂಬಿಕೊಂಡಿತು, ದಪ್ಪನೆ, ಸಾವಧಾನದ ದನಿ. ಮಂಚ ಏಣಿಯ ಮೇಲೆ ಅಂಗುಲ ಅಂಗುಲವಾಗಿ ಸರಿಯಿತು. ಧಾರಾಪಾತ್ರೆಯಿಂದ ಎಣ್ಣೆ ತೊಟ್ಟಿಕ್ಕಿತು. ಹಲ್ಲಿನ ಸಂದಿಗಳಿಂದ ಹುಡಿ ಹೊರಗೆ ಹಾರಿ ದಿಬ್ಬವಾಯಿತು. ಗುರುಗಳು ಹಿಂದಿನಿಂದ ಸೀಳಿನೊಳಗೆ ಬೆಣೆ ಬಡಿಯುತ್ತಾ ಬಂದರು.

ತುದಿ ಮುಟ್ಟಿ ಗರಗಸ ಹೊರಗೆ ಬಂದಾಗ ಮತ್ತೆ ತೊದಲಿತು. ಅವನು ಮಿಷನ್ನು ಆರಿಸಿ ಗುರುಗಳನ್ನು ನೋಡಿದ.

"ಪೆಟ್ರೋಲಲ್ಲೇ ಆಯಿಲ್ ಬೆರೆಸಿರ್ತೀವಲ್ಲಾ," ಎಂದರು ಅವರು. "ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ಕಮ್ಮಿ ಮಾಡಿದ್ರೆ ಆಯಿಲ್ಲೂ ಕಮ್ಮಿ. ಒಣಗಿದ ಎಂಜಿನ್ನು ಗಾಳೀಲಿ ಚೆಂದಾಗೇ ಹಾಡ್ತದೆ. ಭಾರ ಬಿದ್ರೆ ಉರಿದೋಯ್ತದೆ. ಭಾರಕ್ಕೆ ಅಂತ ಒಂದಿಷ್ಟು ಒಳಗೆ ಇಟ್ಕೊಂಡಿರೋದು ಗಾಳೀಲಿ ತೊದಲೇ ತೊದಲ್ತದೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ ಬುದ್ಧಿ?"

"ಹೇಳಿದ್ರೆ ನಿನ್ ಕಿವಿಗೆ ಕೇಳಿಸ್ತಿತ್ತು. ಕೈಗೆ ಕೇಳಿಸ್ತಿತ್ತಾ?"

ಮೊದಲ ಸೀಳಿಗೆ ಮರದ ದುಂಡು ಬೆನ್ನು ಹೋಯಿತು. ಎರಡನೆಯ ಸೀಳಿಗೆ ಹಲಗೆ ಬಂತು. ಅದನ್ನು ಸರಿಸಲು ಊರಿನ ಗಂಡಸರೆಲ್ಲ ಬೇಕಾಯಿತು. ಕೆಂಪುಮಿಶ್ರಿತ ಕಂದು ಮೈ, ಹೊಳೆಯ ಸುಳಿಯಂಥ ಗೆರೆಗಳು. ಚಿಕ್ಕತಾಯಮ್ಮ ಅಂಗೈಯಿಂದ ಸವರಿ, "ಮಗಾ ಹುಟ್ಟಿದಂಗೈತೆ," ಎಂದಳು.

ಹಲಗೆ ದಡ ಸೇರಿದ ಮೇಲೆ ಅಣೆಕಟ್ಟಿನ ನೀರು ಬಿಟ್ಟರು. ಮರದ ಉಳಿದ ಭಾಗ ತೇಲಿ ಎಲ್ಲಿಗೋ ಹೋಯಿತು.

ಮಿಷನ್ನು ಸರಿಯಾಗಿ ಮರ ಕುಯ್ದಿತ್ತು. ಮಾತಿನ ಪ್ರಕಾರ ಕರಿಬಸವ ಹೊರಡಬಹುದಿತ್ತು. ಅವನು ಆ ಮಾತು ಎತ್ತಲಿಲ್ಲ. ಗುರುಗಳೂ ಎತ್ತಲಿಲ್ಲ. ಶ್ರಾವಣದ ಮೊದಲ ಸೋಮವಾರ ಹತ್ತಿರ ಬರುತ್ತಿತ್ತು, ಅವನಿಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಕೊನೆಗೂ ಬಾಯಿಬಿಟ್ಟ.

"ಬುದ್ಧಿ, ನಾ... ನಾನು..."

"ಹೋಗೀಯಂತೆ. ಹಲಗೆ ಹಾಕ್ಕೊಟ್ಟು ಹೋಗು."

"ಜಗಲಿ ಮ್ಯಾಲೆ ತಾನೆ? ಗದ್ದುಗೆಗೆ?"

"ಗದ್ದುಗೆಗೆ ಅಂತ ಯಾರಂದ್ರು? ಕಟ್ಟೆ ಮ್ಯಾಲೆ ಹಾಕು. ಹೊಳೆ ಉದ್ದಕ್ಕೆ."

ಕಲ್ಲುಗಳ ಮೇಲೆ ಹಲಗೆ ಕೂರಿಸಿದರು. ಸಂಜೆ ಎರಡೂ ದಡದ ಜನ ಬಂದರು. ಅಂಗಳಕ್ಕೆ ಹೋಗಲು ಹೊರಟವರನ್ನು ಗುರುಗಳು ಕೈಯಾಡಿಸಿ ಕಟ್ಟೆಯ ಕಡೆ ತಿರುಗಿಸಿದರು. ಹೆಂಗಸರು, ಗಂಡಸರು, ಮಕ್ಕಳು ಆ ಒಂದೇ ಹಲಗೆಯ ಮೇಲೆ ಸಾಲಾಗಿ ಕೂತರು. ಜಾಗ ಸಿಗದವರು ಕೆಳಗಿನ ಮೆಟ್ಟಿಲುಗಳಲ್ಲಿ ಕೂತರು. ಎಲ್ಲರ ಮುಖವೂ ಹೊಳೆಯ ಕಡೆಗೆ.

ಕರಿಬಸವ ಗಾಬರಿಯಾಗಿ ಗುರುಗಳ ಎದುರಿಗೆ ಬಂದ.

"ಬುದ್ಧಿ, ಹಿಂಗೆ ಕೂತ್ರೆ ಹೇಳೋರ ಮುಖ ಯಾರಿಗೂ ಕಾ... ಕಾಣಲ್ವಲ್ಲಾ."

"ಹೂಂ. ಹೊಳೆ ಕಾಣ್ತದೆ."

"ಹೇಳೋರು ಎಲ್ಲಿ ಕೂರೋದು?"

ಹಲಗೆಯ ನಡುವೆ, ಚಿಕ್ಕತಾಯಮ್ಮನ ಪಕ್ಕದಲ್ಲಿ, ಇಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಗುರುಗಳು ಅಲ್ಲಿ ಕೂತು ಪಕ್ಕದ ಜಾಗವನ್ನು ಅಂಗೈಯಿಂದ ಒಮ್ಮೆ ಒರೆಸಿದರು.

ಕರಿಬಸವನಿಗೆ ಆಗ ತಿಳಿಯಿತು. ಹಲಗೆ ಒಂದೇ ಬೇಕೆಂದದ್ದು ಯಾಕೆ, ಯಾರಿಗಾಗಿ ಈ ಮುದುಕರು ಇಲಿಮರಿ ಅಟ್ಟಕ್ಕೇರಿಸಿ, ಶಿವನ ತಲೆಯಿಂದ ಪಾತ್ರೆ ಇಳಿಸಿ ಆ ಮಿಷನ್ನನ್ನು ಎಬ್ಬಿಸಿದ್ದು ಎಂದು ತಿಳಿಯಿತು. ಅಳು ಬಂತು. ಅಳುತ್ತಲೇ ಹೋಗಿ ಕೂತ. ಯಾರೂ ಅವನತ್ತ ನೋಡುತ್ತಿರಲಿಲ್ಲ. ಎಲ್ಲರೂ ಕೆಂಪು ನೀರು ಹರಿಯುವುದನ್ನು ನೋಡುತ್ತಿದ್ದರು.

ಜನ ಮಾತು ನಿಲ್ಲಿಸಿದರು. ಅವನು ಉಸಿರೆಳೆದುಕೊಂಡ.

"ಶ..."

ಹೋದ ವರ್ಷದ ಅದೇ ಅಕ್ಷರ.

"ಶ... ಶ..."

ಗುರುಗಳ ಕಡೆ ತಿರುಗಿ, ತುಟಿ ಮಾತ್ರ ಆಡಿಸಿ ಹೇಳಿದ:

"ತೊದಲ್ತೈತೆ ಬುದ್ಧಿ."

ಗುರುಗಳು ಮಿಷನ್ನಿನ ಮೇಲೆ ಇಡುತ್ತಿದ್ದಂತೆಯೇ ಅವನ ಬೆನ್ನ ಮೇಲೆ ಅಂಗೈಯಿಟ್ಟರು.

"ತೊದಲ್ಲಿ ಬಿಡು ಕಣಪ್ಪ. ಇನ್ನೂ ಮರ ಮುಟ್ಟಿಲ್ಲ."